ಅಕ್ಕಿಯ ಬೆಲೆಯ ಜೊತೆಗೆ ಪಿಷ್ಟದ ಗುಣವನ್ನೂ ಅಳೆಯಬೇಕು

ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳಲ್ಲಿ ಸಂಡಿಗೆ, ಶಾವಿಗೆ, ಚಕ್ಕುಲಿಗಳ ವ್ಯಾಪಾರ ಹಳೆಯದು. ಈ ಉದ್ಯಮದ ದೂರೂ ಅಷ್ಟೇ ಹಳೆಯದು: ಅಕ್ಕಿಯ ಲೋಡು ಬದಲಾದೊಡನೆ ಸಂಡಿಗೆ ಅರಳದು, ಶಾವಿಗೆಯ ಎಳೆ ಅಂಟಿಕೊಳ್ಳುತ್ತದೆ. ದೋಷವನ್ನು ಕೆಲಸಗಾರರ ಕೈಗೋ ಬಿಸಿಲಿಗೋ ಹೊರಿಸುವುದು ರೂಢಿ. ಅನೇಕ ವೇಳೆ ಕಾರಣವಿರುವುದು ಅಕ್ಕಿಯ ಪಿಷ್ಟದಲ್ಲಿ.

ಪಿಷ್ಟವು ಏಕರೂಪದ ವಸ್ತುವಲ್ಲ. ಅದರಲ್ಲಿ ಅಮೈಲೋಸ್ ಮತ್ತು ಅಮೈಲೋಪೆಕ್ಟಿನ್ ಎಂಬ ಎರಡು ಪಾಲಿಸ್ಯಾಕರೈಡುಗಳಿವೆ. ಎರಡೂ ಗ್ಲೂಕೋಸ್ ಘಟಕಗಳ ಸರಪಳಿಗಳೇ. ಅಮೈಲೋಸ್ ಬಹುಮಟ್ಟಿಗೆ ಕವಲಿಲ್ಲದ ಎಳೆ. ಅಮೈಲೋಪೆಕ್ಟಿನ್‌ನಲ್ಲಿ ಸುಮಾರು 25 ಘಟಕಗಳಿಗೊಂದು ಕವಲು. ಅಂಟಕ್ಕಿಯಲ್ಲಿ ಅಮೈಲೋಸ್ ಇಲ್ಲವೆನ್ನುವಷ್ಟು ಕಡಿಮೆ. ಕೆಲವು ತಳಿಗಳಲ್ಲಿ ಶೇಕಡಾ 25ನ್ನೂ ಮೀರುತ್ತದೆ.

ಹಿಟ್ಟು ಬೇಯುವಾಗ ಪಿಷ್ಟದ ಕಣಗಳು ನೀರು ಹೀರಿ ಉಬ್ಬುತ್ತವೆ, ಅಮೈಲೋಸ್ ಹೊರಬರುತ್ತದೆ. ತಣಿದಾಗ ಅದರ ಎಳೆಗಳು ಒಂದಕ್ಕೊಂದು ಹೆಣೆದು ಗಟ್ಟಿಯಾಗುತ್ತವೆ. ಶಾವಿಗೆ ಬಿಡಿಬಿಡಿಯಾಗಿ ನಿಲ್ಲಲು ಈ ಗುಣ ಬೇಕು. ಕರಿದಾಗ ಹಗುರವಾಗಿ ಅರಳಲು ಅಮೈಲೋಪೆಕ್ಟಿನ್ ಹೆಚ್ಚಿದ್ದರೆ ಅನುಕೂಲ. ಆದುದರಿಂದ ಶಾವಿಗೆಗೆ ಒಪ್ಪುವ ಅಕ್ಕಿಯೇ ಸಂಡಿಗೆಗೂ ಒಪ್ಪಬೇಕೆಂದಿಲ್ಲ. ಒಂದೇ ಮೂಟೆಯಿಂದ ಎರಡನ್ನೂ ತಯಾರಿಸುವುದು ಉಳಿತಾಯವೆಂದು ತೋರಿದರೂ ವಾಪಸು ಬರುವ ಸರಕಿನಲ್ಲಿ ಅದರ ಬೆಲೆ ತೆರಬೇಕಾದೀತು.

ಹಳೆಯ ಅಕ್ಕಿ ಕೊಂಡರೆ ಸಾಕೆಂಬ ವಾದವುಂಟು. ದಾಸ್ತಾನಿನಲ್ಲಿ ಅಕ್ಕಿಯ ಅಂಟು ತಗ್ಗುವುದು ನಿಜ. ಆದರೆ ಅಮೈಲೋಸ್ ಪ್ರಮಾಣ ಮುಖ್ಯವಾಗಿ ತಳಿಯನ್ನು ಅವಲಂಬಿಸಿದೆ. ಕಾಲ ಕಳೆದ ಮಾತ್ರಕ್ಕೆ ಅದು ಹೆಚ್ಚೇನೂ ಬದಲಾಗದು. ಕೊಳ್ಳುವವರು ತಳಿ ಮತ್ತು ಕೊಯ್ಲಿನ ಕಾಲ ಎರಡನ್ನೂ ಕೇಳಬೇಕು. ಮಂಡಿಯವರು ಅವನ್ನು ಬಿಲ್ಲಿನಲ್ಲಿ ಬರೆದುಕೊಡಬೇಕು.

ಪರೀಕ್ಷೆಯ ತತ್ತ್ವ ಸರಳವಾದುದು. ಅಯೋಡಿನ್ ಸೋಕಿದಾಗ ಅಮೈಲೋಸ್ ಕಡುನೀಲಿಯಾಗುತ್ತದೆ, ಅಮೈಲೋಪೆಕ್ಟಿನ್ ಕೆಂಪು ನೇರಳೆಗೆ ತಿರುಗುತ್ತದೆ. ನೀಲಿಯ ಗಾಢತೆಯನ್ನು ಉಪಕರಣದಿಂದ ಅಳೆದು ಪ್ರಮಾಣ ಕಂಡುಕೊಳ್ಳಬಹುದು. ಪ್ರತಿ ಸಣ್ಣ ಘಟಕವೂ ಇದಕ್ಕಾಗಿ ಪ್ರಯೋಗಾಲಯ ತೆರೆಯಲಾರದು. ಹತ್ತಾರು ಘಟಕಗಳು ಕೂಡಿ ಒಂದನ್ನು ನಡೆಸಬಹುದು. 1950ರಲ್ಲಿ ಮೈಸೂರಿನಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯವು ಅಕ್ಕಿಯ ಗುಣಮಟ್ಟವನ್ನು ದಶಕಗಳ ಕಾಲ ಅಧ್ಯಯನ ಮಾಡಿದೆ. ಆ ಅನುಭವದ ನೆರವು ಪಡೆದು ಸದಸ್ಯರಿಗಾಗಿ ಸಾಮೂಹಿಕ ಪರೀಕ್ಷಾ ವ್ಯವಸ್ಥೆ ರೂಪಿಸಲು ವಾಣಿಜ್ಯ ಮಂಡಳಿಯೇ ಮುಂದಾಗುವುದು ಯುಕ್ತ.

ಕೈಗುಣವೇ ಈ ಉದ್ಯಮದ ಬಂಡವಾಳವೆಂಬುದರಲ್ಲಿ ಸಂಶಯವಿಲ್ಲ. ಆದರೆ ದೂರದ ಊರಿನ ಗ್ರಾಹಕನಿಗೆ ತಯಾರಕರ ಪರಿಚಯವಿರುವುದಿಲ್ಲ. ಪ್ರತಿ ಪೊಟ್ಟಣವೂ ಒಂದೇ ಬಗೆಯಾಗಿರಬೇಕೆಂಬುದಷ್ಟೇ ಆತನ ಅಪೇಕ್ಷೆ. ಅದನ್ನು ಈಡೇರಿಸುವ ಹೊಣೆ ಅಕ್ಕಿ ಕೊಳ್ಳುವಲ್ಲಿಂದಲೇ ಆರಂಭವಾಗುತ್ತದೆ.