ಚಾಸಿ ನೋಡದ್ದೆ ಜೀಪಿಂಗೆ ಪೈಂಟು ಬಳಿಯೆಡಿ

ಊರಿಲಿ ಈಗ ಒಂದು ಮರುಳು ಸುರು ಆಯಿದು. ಅಜ್ಜನ ಕಾಲದ ಜೀಪಿನ ಕೊಟ್ಟಗೆಂದ ಹೆರ ಎಳದು, ಪುಟ್ಟಿ ಮೆತ್ತಿ, ಪಚ್ಚೆ ಪೈಂಟು ಹೊಡದು, ಹೊಸ ಟಯರು ಹಾಕಿ "ರಿಪೇರಿ ಆತು" ಹೇಳ್ತವು. ಎಂತರ ರಿಪೇರಿ ಅದು?

ಜೀಪು ಈಗಾಣ ಕಾರಿನ ಹಾಂಗಲ್ಲ. ಅಡಿಲಿ ಏಣಿಯ ಹಾಂಗಿಪ್ಪ ಚಾಸಿ. ಇಂಜಿನು, ಸ್ಪ್ರಿಂಗು, ಸ್ಟೇರಿಂಗ್ ಬಾಕ್ಸು ಎಲ್ಲ ಅದಕ್ಕೇ ಬಿಗುದ್ದು. ಬಾಡಿ ಮೇಗಂದ ಬೋಲ್ಟು ಹಾಕಿ ಕೂರ್ಸಿದ್ದು ಅಷ್ಟೆ. ತೋಟದ ಕೆಸರು ಚಾಸಿಯ ಒಳ ಕೂದು, ಮಳೆಗಾಲ ಇಡೀ ಚೆಂಡಿ ಆರದ್ದೆ, ತುಕ್ಕು ಒಳಂದಲೇ ತಿಂತು. ಹೆರಂದ ನೋಡಿರೆ ಗೊಂತಾವುತ್ತಿಲ್ಲೆ.

ಆನುದೇ ಸುರುವಿಂಗೆ ಪೈಂಟು ಬಳುದವನೇ. ಮತ್ತೆ ಒಂದು ದಿನ ಬಾಡಿ ಎತ್ತುಸಿ, ಸುತ್ತಿಗೆಲಿ ಚಾಸಿಗೆ ಬಡುದೆ. ಗಟ್ಟಿ ಇಪ್ಪಲ್ಲಿ ಠಣ್ ಹೇಳಿತ್ತು. ಹಿಂದಾಣ ಸ್ಪ್ರಿಂಗು ಕಟ್ಟಿದಲ್ಲಿ ಸುತ್ತಿಗೆ ಒಳವೇ ಹೋತು. ಅದೇ ಜೀಪಿಲಿ ಮಕ್ಕಳ ಕೂರ್ಸಿಗೊಂಡು ಘಾಟಿ ಇಳುದ್ದು ಆನು!

"ಬಾಡಿ ಎತ್ತಿರೆ ಖರ್ಚು ಜಾಸ್ತಿ ಭಾವ" ಹೇಳುಗು. ಅಪ್ಪು, ಜಾಸ್ತಿಯೇ. ಹಾಳಾದ ತುಂಡು ಕತ್ತರುಸಿ, ಅಷ್ಟೇ ದಪ್ಪದ ಕಬ್ಬಿಣ ವೆಲ್ಡಿಂಗ್ ಮಾಡುಸಿ, ರೆಡ್ ಆಕ್ಸೈಡು ಬಳಿಯೆಕ್ಕು. ಪೈಸೆ ಸಾಲದ್ದರೆ ಪಚ್ಚೆ ಪೈಂಟು ಬಪ್ಪ ವರ್ಷ ಹೊಡದರೆ ಸಾಕು. ಚಾಸಿ ಅಷ್ಟು ಸಮಯ ಕಾಯ.

ಪಂಚಾಂಗ ಕುಸಿವ ಮನೆಗೆ ಆರಾದರೂ ಮೊದಾಲು ಸುಣ್ಣ ಬಳಿತ್ತವೋ?