ಇಸಿಯು ಬದಲಿಸೋ ಮುಂಚೆ ವೈರ್ ನೋಡಿ

ಕಾಮನ್ ರೈಲ್ ಟ್ರ್ಯಾಕ್ಟರ್, ಪಿಕಪ್‌ಗಳಲ್ಲಿ ಡೀಸೆಲ್ ಎಷ್ಟು, ಯಾವಾಗ ಅಂತ ಲೆಕ್ಕ ಹಾಕೋದು ಇಸಿಯು. ಗಾಡಿ ಸ್ಟಾರ್ಟ್ ಆಗದಿದ್ರೆ ‘ಇಸಿಯು ಹೋಗಿದೆ’ ಅಂತಾರೆ. ತಕ್ಷಣ ದುಡ್ಡು ಎಣಿಸಬೇಡಿ. ನನ್ನ ಪ್ರಕಾರ ಇಸಿಯು ಕೊನೆಯ ಅನುಮಾನ ಆಗಬೇಕು.

ಮೊದಲು ಬ್ಯಾಟರಿ ನೋಡಿ. ಎಂಜಿನ್ ಆಫ್ ಇದ್ದಾಗ 12.5 ವೋಲ್ಟ್ ಆಸುಪಾಸು ಇರಬೇಕು. ಆಮೇಲೆ ಫ್ಯೂಸ್, ರಿಲೇ, ಅರ್ಥ್ ವೈರ್, ಕನೆಕ್ಟರ್‌ನ ಹಸಿರು ಕಿಲುಬು. ಕೊಟ್ಟಿಗೆಯಲ್ಲಿ ನಿಂತ ಗಾಡಿಯ ವೈರನ್ನ ಇಲಿ ಕಡಿದಿರಲೂಬಹುದು. ಸ್ಕ್ಯಾನರ್ ಹಾಕಿಸಿ, ಕೋಡ್‌ನ ಫೋಟೋ ಮೊಬೈಲ್‌ನಲ್ಲಿ ಇಟ್ಕೊಳ್ಳಿ. ಸೆನ್ಸರ್ ಕೋಡ್ ಬಂದ್ರೂ ತಪ್ಪು ವೈರಿನದ್ದೇ ಇರಬಹುದು.

ಬದಲಿಸಲೇಬೇಕಾದ್ರೆ ಬೇರೆ ಗಾಡಿಯದ್ದು ತಂದು ಸಿಕ್ಕಿಸಿದರೆ ಸಾಲದು, ನಿಮ್ಮ ಗಾಡಿಗೆ ಪ್ರೋಗ್ರಾಂ ಮಾಡಿಸಬೇಕು. ಹುಕ್ ವೆಲ್ಡಿಂಗ್ ಮಾಡಿಸುವಾಗ ಬ್ಯಾಟರಿ ಕೇಬಲ್ ಬಿಚ್ಚೋದು ಮರೀಬೇಡಿ. ಟೆಸ್ಟ್ ಮಾಡಿ ತೋರಿಸದವರಿಗೆ ದುಡ್ಡು ಕೊಡಬೇಡಿ.