ಸೂಜಿಯೂ ಲೇಖನಿಯೂ

ಹರಿದ ಬಟ್ಟೆಯಿಲ್ಲದ ಮನೆ ಲೋಕದಲ್ಲಿಲ್ಲ. ಆದರೆ ಹರಿದುದನ್ನು ಏನು ಮಾಡಬೇಕೆಂಬ ವಿಚಾರವೇ ಈಚೆಗೆ ಮನೆಗಳಲ್ಲಿ ಅಪರೂಪವಾಗಿದೆ. ಹರಿಯಿತು, ಬಿಸುಟೆವು, ಹೊಸದನ್ನು ತಂದೆವು ಎಂಬಲ್ಲಿಗೆ ಮುಗಿಯುತ್ತದೆ. ಇದಕ್ಕಾಗಿ ಯಾರನ್ನೂ ದೂರಲು ನಾವು ಈ ತಿಂಗಳು ಲೇಖನಿ ಹಿಡಿದವರಲ್ಲ. ಹೊಲಿಯುವುದನ್ನೂ ಹರಿದುದನ್ನು ಸರಿಪಡಿಸುವುದನ್ನೂ ನಿತ್ಯವೃತ್ತಿಯಾಗಿ ಮಾಡಿಕೊಂಡು, ಮಾಡಿದುದನ್ನೆಲ್ಲ ದಿನವೂ ಬರೆದಿಡುವ ಒಬ್ಬ ಗೃಹಿಣಿಯ ವಿಷಯವಾಗಿ ವಾಚಕರಿಗೆ ನಾಲ್ಕು ಮಾತು ಹೇಳಬೇಕೆಂದಿದ್ದೇವೆ. ಧಾರವಾಡದಲ್ಲಿ ನಮ್ಮ ಓಣಿಯ ಕೊನೆಯ ಮನೆ ಅವರದು. ಹೆಸರನ್ನು ಅಚ್ಚುಹಾಕಿಸಕೂಡದೆಂದು ಅವರ ಆಜ್ಞೆಯಾದುದರಿಂದ, ಓಣಿಯವರೆಲ್ಲ ಕರೆಯುವಂತೆ ನಾವೂ ಅಕ್ಕನವರೆಂದೇ ಕರೆಯುವೆವು.

ಅಕ್ಕನವರ ದಿನ ನಡೆಯುವುದು ಗಡಿಯಾರದ ಮೇಲಲ್ಲ, ಬೆಳಕಿನ ಮೇಲೆ. ಒಲೆಯ ಕೆಲಸ ತೀರಿಸಿ ಪಡಸಾಲೆಯ ಕಿಟಕಿಯ ಬಳಿ ಕುಳಿತರೆ ಮಧ್ಯಾಹ್ನದವರೆಗೆ ಕಸೂತಿ. ಕಸೂತಿಯು ಎಳೆಯೆಣಿಕೆಯ ವಿದ್ಯೆ. ಬಟ್ಟೆಯ ಮೇಲೆ ಮೊದಲು ಚಿತ್ರ ಬರೆದುಕೊಂಡು ಹೊಲಿಯುವ ಪದ್ಧತಿ ಅದರಲ್ಲಿಲ್ಲ. ಹಾಸಿನ ಎಳೆ ಇಷ್ಟು, ಹೊಕ್ಕಿನ ಎಳೆ ಇಷ್ಟು ಎಂದು ಕಣ್ಣಿನಲ್ಲಿಯೇ ಎಣಿಸುತ್ತ ಗೋಪುರವನ್ನೋ ತೇರನ್ನೋ ತುಳಸೀವೃಂದಾವನವನ್ನೋ ಎಬ್ಬಿಸಬೇಕು. ಗವಂತಿ, ಮುರಗಿ, ನೇಗಿ, ಮೆಂತಿ ಎಂದು ಹೊಲಿಗೆಗಳು ನಾಲ್ಕು. ಗವಂತಿಯಲ್ಲಿ ಸೂಜಿಯು ಒಂದೊಂದು ಹೆಜ್ಜೆಯನ್ನು ಬಿಟ್ಟು ಮುಂದೆ ಹೋಗಿ, ಮರಳುವಾಗ ಬಿಟ್ಟ ಹೆಜ್ಜೆಗಳನ್ನೆಲ್ಲ ತುಂಬುತ್ತ ಹೊರಟಲ್ಲಿಗೇ ಬಂದು ಸೇರುವುದು. ಆದುದರಿಂದಲೇ ಬಟ್ಟೆಯ ಒಳಮೈ ಹೊರಮೈಗಳೆರಡೂ ಒಂದೇ ತೆರನಾಗಿ ಕಾಣುವುವು. ದಾರಕ್ಕೆ ಗಂಟು ಹಾಕಕೂಡದು. ಒಂದು ಎಳೆಯ ಎಣಿಕೆ ತಪ್ಪಿದರೂ ಮರಳುವ ದಾರಿ ಕೂಡುವುದಿಲ್ಲ. ಬಿಚ್ಚಿ ಮತ್ತೆ ಹೊಲಿಯಬೇಕು. ಚಂದ್ರಕಾಳಿಯಂಥ ಕಪ್ಪು ಸೀರೆಯಾದರಂತೂ ಮೋಡ ಕವಿದ ದಿನ ಅಕ್ಕನವರು ಅದನ್ನು ಮುಟ್ಟುವುದೇ ಇಲ್ಲ.

ಇಷ್ಟು ಹೇಳಿದರೆ ಸಾಕು, ಕಸೂತಿಯನ್ನು ಹೊಗಳುವವರು ಬೇಕಾದಷ್ಟು ಮಂದಿ ಇದ್ದಾರೆ. ನಮ್ಮ ಮನಸ್ಸನ್ನು ಸೆಳೆದುದು ಅವರು ಮಾಡುವ ರಫು. ಇಳಕಲ್ಲ ಸೀರೆಗೆ ತೂತು ಬಿದ್ದರೆ, ಅದೇ ಸೀರೆಯ ಒಳಮಡಿಕೆಯಿಂದ ಎಳೆಗಳನ್ನು ಜಾಗ್ರತೆಯಾಗಿ ಬಿಡಿಸಿ ತೆಗೆಯುವರು. ಹೊಸ ದಾರದ ಬಣ್ಣ ಎಷ್ಟಾದರೂ ಹಳೆಯ ಸೀರೆಗೆ ಹೊಂದದು. ತೂತಿನ ಅಂಚಿನಿಂದ ಹೊಲಿಗೆಯನ್ನು ಆರಂಭಿಸಕೂಡದು. ಅಲ್ಲಿನ ಎಳೆಗಳು ಬಲಗುಂದಿರುವುದರಿಂದ ಒಂದೇ ಒಗೆತಕ್ಕೆ ಕಿತ್ತುಬಂದು ಮೊದಲಿಗಿಂತ ದೊಡ್ಡ ತೂತಾಗುವುದು. ಗಟ್ಟಿ ಬಟ್ಟೆಯಿರುವ ಕಡೆಯಿಂದ ಸೂಜಿಯನ್ನು ಹೊರಡಿಸಿ, ತೂತನ್ನು ದಾಟಿಸಿ, ಆಚೆಯ ಗಟ್ಟಿ ಬಟ್ಟೆಯನ್ನು ಮುಟ್ಟಿಸಬೇಕು. ಹೀಗೆ ಮೊದಲು ಹಾಸಿನ ಎಳೆಗಳನ್ನು ಒತ್ತೊತ್ತಾಗಿ ಹರಡಿ, ಬಳಿಕ ಅಡ್ಡಲಾಗಿ ಒಂದರ ಮೇಲೆ ಒಂದರ ಕೆಳಗೆ ಹೊಕ್ಕನ್ನು ತೂರಿಸಬೇಕು. ಸಾಲು ತಿರುಗುವೆಡೆಯಲ್ಲೆಲ್ಲ ದಾರವನ್ನು ಬಿಗಿಯದೆ ಒಂದು ಪುಟ್ಟ ಕುಣಿಕೆಯನ್ನು ಬಿಡಬೇಕು. ಬಿಗಿದರೆ, ದಾರವು ನೀರು ಕಂಡು ಕುಗ್ಗಿದಾಗ ಸುತ್ತಣ ಬಟ್ಟೆಯೆಲ್ಲ ಸುಕ್ಕಾಗುವುದು. ಸೂಜಿಯಿಂದ ನೇಯುವುದೆಂದರೆ ಇದೇ. ಅಮರಕೋಶದಲ್ಲಿ ಸಿಂಪಿಗನಿಗೆ ಸೌಚಿಕನೆಂಬುದರ ಜೊತೆಗೆ ತುನ್ನವಾಯನೆಂಬ ಹೆಸರೂ ಉಂಟು. ತುನ್ನವೆಂದರೆ ಚುಚ್ಚಿದುದು, ಹರಿದುದು. ಅದನ್ನು ನೇಯುವವನು ತುನ್ನವಾಯ. ಈ ಶಬ್ದವನ್ನು ನಾವು ಬಾಲ್ಯದಲ್ಲಿ ಬಾಯಿಪಾಠ ಮಾಡಿದ್ದೆವು. ಅದರ ಅರ್ಥವನ್ನು ಕಣ್ಣಾರೆ ಕಂಡುದು ಅಕ್ಕನವರ ಪಡಸಾಲೆಯಲ್ಲಿ.

ಕಳೆದ ಶ್ರಾವಣದಲ್ಲಿ ಒಂದು ಸಂಗತಿ ನಡೆಯಿತು. ಮೊಮ್ಮಗನ ಅಂಗಿಗೆ ಗುಂಡಿ ಹಚ್ಚಿಸಲು ನಾವು ಅಲ್ಲಿಗೆ ಹೋಗಿದ್ದೆವು. ಅನುಕೂಲಸ್ಥ ಮನೆತನದ ಬಾಯಾರೊಬ್ಬರು, ಇಲಿ ಕಡಿದಿದ್ದ ತಮ್ಮ ತಾಯಿಯ ಸೀರೆಯನ್ನು ರಫು ಮಾಡಲು ಕೊಟ್ಟಿದ್ದವರು, ಅದನ್ನು ಒಯ್ಯಲು ಬಂದರು. ಸೀರೆಯನ್ನು ಬೆಳಕಿಗೆ ಹಿಡಿದರು, ತಿರುಗಿಸಿದರು, ಮಡಿಕೆ ಮಡಿಕೆಯಾಗಿ ಹುಡುಕಿದರು. ತೂತಿದ್ದ ಸ್ಥಳ ಸಿಕ್ಕಲಿಲ್ಲ. ಸಂತೋಷಪಡುವರೆಂದು ನಾವು ಭಾವಿಸಿದೆವು. ಕೂಲಿಯ ಮಾತು ಬಂದಾಗ ಅವರು, “ಎಲ್ಲೈತ್ರೀ ಕೆಲಸ? ನನಗೇನೂ ಕಾಣವಲ್ದು” ಎಂದರು.

“ಕಾಣಬಾರದಂತನ ಮಾಡೇನ್ರಿ, ಬಾಯಾರ” ಎಂದು ಅಕ್ಕನವರು ಉತ್ತರ ಕೊಟ್ಟು, ಗೂಡಿನಿಂದ ತಮ್ಮ ಪುಸ್ತಕವನ್ನು ತೆಗೆದು ಮುಂದಿಟ್ಟರು. ಅದರಲ್ಲಿ ತಾರೀಖು, ಕುಳಿತ ಹೊತ್ತು, ಎದ್ದ ಹೊತ್ತು, ಯಾವ ಅಂಚಿನಿಂದ ಎಷ್ಟು ಎಳೆ ತೆಗೆದುದು, ಎಲ್ಲವೂ ಇತ್ತು. ಮೂರು ಮುಂಜಾವು, ಒಟ್ಟು 11 ತಾಸು. ಬಾಯಾರು ಓದಿದರು, ಕೇಳಿದುದರಲ್ಲಿ ಅರ್ಧವನ್ನು ಕೊಟ್ಟು ಸೀರೆಯನ್ನು ಒಯ್ದರು. ಉಳಿದರ್ಧವು ಆ ಪುಸ್ತಕದಲ್ಲಿ ಬಾಕಿಯೆಂದು ಇಂದಿಗೂ ಇದೆ. ಅಷ್ಟೇ ಹೊತ್ತು ಕುಳಿತು ಸೆರಗಿಗೆ ಎರಡು ಆನೆಗಳನ್ನು ಹೊಲಿದುಕೊಟ್ಟಿದ್ದರೆ ಇದೇ ಬಾಯಾರು ಮರುಮಾತಿಲ್ಲದೆ ಹಣವನ್ನು ಎಣಿಸುತ್ತಿದ್ದರೆಂಬುದರಲ್ಲಿ ನಮಗೆ ಸಂದೇಹವಿಲ್ಲ. ಆನೆ ಕಣ್ಣಿಗೆ ಕಾಣುತ್ತದೆಯಷ್ಟೆ. ರಫುವಿನ ಕೆಲಸವಾದರೋ ಕೆಟ್ಟಿದ್ದರೆ ಎದ್ದು ಕಾಣುವುದು, ಚೆನ್ನಾಗಿದ್ದರೆ ಮಾಡಿದವರ ಶ್ರಮವನ್ನೂ ತನ್ನೊಡನೆ ಅಡಗಿಸಿಬಿಡುವುದು. ಅಕ್ಕನವರು ಬರೆಯತೊಡಗಿದ ಕಾರಣ ಇದೇ.

ಆ ಪುಸ್ತಕದ ಎಡಪುಟದಲ್ಲಿ ಲೆಕ್ಕ, ಬಲಪುಟದಲ್ಲಿ ಬಟ್ಟೆಯ ಪೂರ್ವೋತ್ತರ. ಮಧ್ಯಾಹ್ನದ ಮೇಲೆ ಅವರು ಕೌದಿಗೆ ಕೂಡುವರು. ಕಸೂತಿಯಷ್ಟು ಬೆಳಕನ್ನು ಅದು ಬೇಡುವುದಿಲ್ಲ. ಹಳೆಯ ಸೀರೆ, ಧೋತರ, ಕುಬಸಗಳನ್ನು ಪದರ ಪದರವಾಗಿ ನೆಲದ ಮೇಲೆ ಹಾಸಿ, ಮೇಲೆ ಬಣ್ಣಬಣ್ಣದ ತುಂಡುಗಳನ್ನಿಟ್ಟು, ಸಾಲು ಸಾಲಾಗಿ ದೊಡ್ಡ ಸೂಜಿಯಿಂದ ಹೊಲಿಯುವುದು ನಮ್ಮ ಉತ್ತರ ಕರ್ನಾಟಕದ ಮನೆಗಳಿಗೆ ಹೊಸತಲ್ಲ. ಬಟ್ಟೆ ತಂದವರನ್ನು ಅಕ್ಕನವರು ಕೂರಿಸಿ, ಈ ತುಂಡು ಯಾರದು, ಅವರು ಅದನ್ನು ಎಂದು ಉಟ್ಟಿದ್ದರು, ಎಂದು ಕೇಳಿ ಬರೆದುಕೊಳ್ಳುವರು. ಒಂದು ಕೂಸಿನ ಕೌದಿಯ ಪುಟವನ್ನು ನಾವು ಓದಿದೆವು. ಅದರ ನಟ್ಟನಡುವಿನ ಹಸುರು ತುಂಡು ಕೂಸನ್ನು ಹೆತ್ತು ಹದಿನೈದು ದಿನಕ್ಕೆ ತೀರಿಕೊಂಡ ತಾಯಿಯ ಸೀರೆಯದು. ಮುಂದೆ ಕೂಸು ಕೇಳಿದಾಗ ತೋರಿಸಲು ಬರಲೆಂದು ಆ ತುಂಡನ್ನು ಮೂಲೆಗೆ ಹಾಕದೆ ನಡುವೆ ಇಟ್ಟುದಾಗಿ ಅಕ್ಕನವರು ಬರೆದಿದ್ದಾರೆ. ಆ ಪುಟದ ಒಂದು ಪ್ರತಿಯನ್ನು ಕೌದಿಯ ಹಿಂಬದಿಯ ಪುಟ್ಟ ಚೀಲದಲ್ಲಿಟ್ಟು ಹೊಲಿದುಕೊಟ್ಟರಂತೆ. ಅವರ ಬರವಣಿಗೆ ಆಡುಮಾತಿನದು, ಕಾಗುಣಿತ ಅಲ್ಲಲ್ಲಿ ತಮ್ಮದೇ. ಮೂವತ್ತಾರು ವರ್ಷ ಮಕ್ಕಳ ಪಾಟಿ ತಿದ್ದಿದ ಕೈ ನಮ್ಮದು. ಆದರೂ ಅಲ್ಲಿ ಕೆಂಪು ಮಸಿಯನ್ನು ನೆನೆಯಲು ಮನಸ್ಸು ಬರಲಿಲ್ಲ.

ದಾರ ಹಿಡಿದವರು ಬರೆದುದು ನಮ್ಮ ನಾಡಿನಲ್ಲಿ ಇದೇ ಮೊದಲೇನಲ್ಲ. 12ನೆಯ ಶತಮಾನದ ಶರಣರಲ್ಲಿ ಸೂಜಿಕಾಯಕದ ರಾಮಿತಂದೆ, ಕದಿರ ರೆಮ್ಮವ್ವೆ ಎಂಬ ಹೆಸರುಗಳನ್ನು ವಾಚಕರು ಕೇಳಿರಬಹುದು. ಮಾಡುವ ಕೆಲಸವನ್ನು ಅವರು ಹೆಸರಿನೊಡನೆಯೇ ಹೊತ್ತರು. ನೂಲುವ ರೆಮ್ಮವ್ವೆಗೆ ತನ್ನ ರಾಟೆಯೇ ವಚನದ ವಸ್ತುವಾಯಿತು. ಅಕ್ಕನವರಿಗೆ ಇದನ್ನು ನಾವು ಹೇಳಿದಾಗ ಅವರು ಕೇಳಿದ ಪ್ರಶ್ನೆ ಒಂದೇ: ನೂಲಿಗೆ ಕೂಲಿ ಸರಿಯಾಗಿ ಸಿಕ್ಕುತ್ತಿತ್ತೆ?

ಈಗ ಭಾನುವಾರಗಳಲ್ಲಿ ಇಬ್ಬರು ಹುಡುಗಿಯರು ಅವರಲ್ಲಿ ಕಲಿಯಲು ಬರುತ್ತಾರೆ. ಇಬ್ಬರಿಗೂ ಬೇಕಾದುದು ಕಸೂತಿ. ಪ್ರದರ್ಶನಕ್ಕೆ ಇಡಬಹುದು, ನಾಲ್ಕು ಜನ ಮೆಚ್ಚುವರು. ಅವರ ಆಸೆ ತಪ್ಪೆಂದು ನಾವು ಹೇಳಲಾರೆವು. ರಫು ಕಲಿಯದವರಿಗೆ ಗವಂತಿಯ ಮುಂದಿನ ಪಾಠವಿಲ್ಲವೆಂದು ಅಕ್ಕನವರು ಕಟ್ಟುಮಾಡಿದ್ದಾರೆ. ಹುಡುಗಿಯರಲ್ಲಿ ಕಿರಿಯಳು ಒಂದು ಉಪಾಯ ಹೂಡಿದಳು. ಹರಿದ ಬಟ್ಟೆ ಮನೆಗೆ ಬಂದೊಡನೆ ತೂತಿನ ಚಿತ್ರವನ್ನು ತನ್ನ ಮೊಬೈಲಿನಲ್ಲಿ ತೆಗೆದಿಟ್ಟು, ಒಯ್ಯಲು ಬಂದವರಿಗೆ ಮೊದಲು ಅದನ್ನು ತೋರಿಸಿ ಆಮೇಲೆ ಬಟ್ಟೆಯನ್ನು ಕೊಡುತ್ತಾಳೆ. ಅಂದಿನಿಂದ ಕೂಲಿಯ ತಕರಾರು ಕಡಮೆಯಾಗಿದೆ. ಈ ಉಪಾಯ ಶ್ರಾವಣಕ್ಕೆ ಮೊದಲೇ ಹೊಳೆದಿದ್ದರೆ ಆ ಬಾಕಿ ಉಳಿಯುತ್ತಿರಲಿಲ್ಲವೆಂದು ಅವಳ ವಾದ. ಅಕ್ಕನವರು ನಕ್ಕು ಸುಮ್ಮನಾದರು. ಬರೆಯುವುದನ್ನು ಮಾತ್ರ ಬಿಟ್ಟಿಲ್ಲ. ಏಳನೆಯ ಪುಸ್ತಕ ಈಗ ನಡೆದಿದೆ.